ನಿನ್ನ ರಜೆ ಯಾರು ಮಂಜೂರು ಮಾಡುದು?

2026ರ ಮಾರ್ಚ್ ಮೊದಲ ವಾರ, ಪುತ್ತೂರಿನ ಒಂದು ಆಡಿಟರ್ ಕಚೇರಿ. ಕೇಳುವವಳು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಡುವವಳು. ಹೇಳುವವರು ಅವಳ ಅಪ್ಪನ ದಿನಸಿ ಅಂಗಡಿಯ ಲೆಕ್ಕ ನೋಡುತ್ತಿದ್ದ ಹಿರಿಯರು.

ಆಕೆ: ಸರ್, ನನ್ನದು ಸಣ್ಣ ಕೆಲಸ. ಐಟಿಆರ್-4 ಹಾಕ್ಬೇಕು, 44ಎಡಿಎ ಸೆಕ್ಷನ್‌ನಲ್ಲಿ. ತಿಂಗಳಿಗೆ ಒಂದೂವರೆ ಲಕ್ಷದ ಬಿಲ್ಲು, ಕಂಪನಿ 10 ಪರ್ಸೆಂಟ್ ಟಿಡಿಎಸ್ ಹಿಡಿದು ಕೊಡ್ತದೆ. ಮಾರ್ಚ್ ಸೇರಿದ್ರೆ ಹಿಡಿದದ್ದು 1,80,000 ಆಗ್ತದೆ. ಅದು ಪೂರ್ತಿ ವಾಪಸ್ ಬರ್ತದಂತೆ. ನಮ್ಮ ಟೀಮಿನವರೆಲ್ಲ ಹಾಗೇ ಮಾಡುದು.

ಆಡಿಟರ್: ಬರಬಹುದು, ಬರದೆಯೂ ಇರಬಹುದು. ವರ್ಷ ಮುಗಿಯುವ ಮೊದಲೇ ಬಂದದ್ದು ಒಳ್ಳೆದಾಯ್ತು. ಜುಲೈಯಲ್ಲಿ ಬಂದವರಿಗೆ ಫಾರ್ಮ್ ತುಂಬಿಸಿ ಕೊಡ್ಲಿಕ್ಕಾಗ್ತದೆ, ಸಲಹೆ ಕೊಡ್ಲಿಕ್ಕೆ ಏನೂ ಉಳಿದಿರುದಿಲ್ಲ. ಈಗ ಹೇಳು, ನಿನ್ನ ರಜೆ ಯಾರು ಮಂಜೂರು ಮಾಡುದು?

ಆಕೆ: ರಜೆಯಾ? ಅದಕ್ಕೂ ಟ್ಯಾಕ್ಸಿಗೂ ಎಂಥ ಸಂಬಂಧ?

ಆಡಿಟರ್: ಮೊದಲು ಉತ್ತರ ಹೇಳು.

ಆಕೆ: ಮ್ಯಾನೇಜರ್. ಪೋರ್ಟಲ್‌ನಲ್ಲಿ ಹಾಕ್ಬೇಕು, ಅವರು ಅಪ್ರೂವ್ ಮಾಡ್ಬೇಕು. ರಜೆ ಮಾಡಿದ ದಿನದ್ದು ಬಿಲ್ಲಿನಲ್ಲಿ ಕಳೀತಾರೆ.

ಆಡಿಟರ್: ಲ್ಯಾಪ್‌ಟಾಪ್ ಯಾರದ್ದು?

ಆಕೆ: ಕಂಪನಿದು.

ಆಡಿಟರ್: ಕೆಲಸದ ಹೊತ್ತು?

ಆಕೆ: ಬೆಳಿಗ್ಗೆ ಒಂಬತ್ತೂವರೆಗೆ ಲಾಗಿನ್, ಸಂಜೆ ಆರೂವರೆ. ಹತ್ತು ಗಂಟೆಗೆ ಮೀಟಿಂಗ್ ಇರ್ತದೆ, ತಪ್ಪಿಸ್ಲಿಕ್ಕಿಲ್ಲ.

ಆಡಿಟರ್: ನಿನಗೆ ಜ್ವರ ಬಂದ ದಿನ ನಿನ್ನ ಬದಲಿಗೆ ಇನ್ನೊಬ್ಬರನ್ನು ಕೂರಿಸಿ ಕೆಲಸ ಮುಗಿಸ್ಬಹುದಾ?

ಆಕೆ: ಖಂಡಿತ ಇಲ್ಲ. ಐಡಿ, ಪಾಸ್‌ವರ್ಡ್ ಎಲ್ಲ ನನ್ನ ಹೆಸರಲ್ಲಿ ಉಂಟು.

ಆಡಿಟರ್: ಬೇರೆ ಕಂಪನಿಯ ಕೆಲಸ ಹಿಡೀಬಹುದಾ?

ಆಕೆ: ಅಗ್ರಿಮೆಂಟ್‌ನಲ್ಲಿ ಕೂಡುದಿಲ್ಲ ಅಂತ ಉಂಟು.

ಆಡಿಟರ್: ಬಿಡುವಾಗ?

ಆಕೆ: ನಾನಾದ್ರೆ ಎರಡು ತಿಂಗಳು ಮುಂಚೆ ಹೇಳ್ಬೇಕು. ಅವರಿಗೆ ಏಳು ದಿವಸದ ನೋಟಿಸ್ ಸಾಕು.

ಆಡಿಟರ್: ಚೆನ್ನಾಗುಂಟು. ಇದಕ್ಕೆ ಮೊದಲು ಎಲ್ಲಿದ್ದದ್ದು?

ಆಕೆ: ಅಲ್ಲೇ. 2025ರ ಮಾರ್ಚ್ ತನಕ ಸಂಬಳದಲ್ಲಿದ್ದೆ. ಏಪ್ರಿಲ್‌ನಿಂದ ನಮ್ಮ ಇಡೀ ಟೀಮನ್ನು ಕನ್ಸಲ್ಟೆಂಟ್ ಮಾಡಿದ್ರು. ಕೈಗೆ ಬರುವ ದುಡ್ಡು ಸ್ವಲ್ಪ ಜಾಸ್ತಿಯಾಯ್ತು, ಹಾಗಾಗಿ ಯಾರೂ ಜಗಳ ಮಾಡ್ಲಿಲ್ಲ.

ಆಡಿಟರ್: ಕೆಲಸ ಬದಲಾಯ್ತಾ?

ಆಕೆ: ಇಲ್ಲ. ಅದೇ ಮ್ಯಾನೇಜರ್, ಅದೇ ಪ್ರಾಜೆಕ್ಟ್. ಪಿಎಫ್ ನಿಂತಿತು, ಇನ್ಶೂರೆನ್ಸ್ ಹೋಯ್ತು, ಪೇಸ್ಲಿಪ್ ಬದಲಿಗೆ ನಾನೇ ಬಿಲ್ಲು ಹಾಕುದು.

ಆಡಿಟರ್: ಹಾಗಾದ್ರೆ ಯಾವ ಫಾರ್ಮ್ ಅನ್ನುದು ಆಮೇಲಿನ ಮಾತು. ನೀನು ಸಂಬಳದವಳಾ, ಸ್ವಂತ ವೃತ್ತಿಯವಳಾ ಅನ್ನುದು ಮೊದಲು ತೀರ್ಮಾನ ಆಗ್ಬೇಕು.

ಆಕೆ: ತೀರ್ಮಾನ ಆಗಿದೆಯಲ್ಲ ಸರ್. ಅಗ್ರಿಮೆಂಟ್‌ನ ಮೊದಲನೇ ಪುಟದಲ್ಲೇ "ಇದು ಉದ್ಯೋಗವಲ್ಲ, ಸ್ವತಂತ್ರ ಗುತ್ತಿಗೆ" ಅಂತ ದಪ್ಪ ಅಕ್ಷರದಲ್ಲಿ ಬರ್ದಿದ್ದಾರೆ. ನಾನೂ ಸೈನ್ ಮಾಡಿದ್ದೇನೆ.

ಆಡಿಟರ್: ಇಬ್ಬರು ಸೇರಿ ಬರೆದುಕೊಂಡ ಮಾತ್ರಕ್ಕೆ ಆಗುದಿಲ್ಲ. ಒಬ್ಬರ ಕೈಕೆಳಗೆ ಮಾಡುವ ಚಾಕರಿಯಾ, ಅಥವಾ ಒಬ್ಬರಿಗಾಗಿ ನಮ್ಮ ರೀತಿಯಲ್ಲಿ ಮಾಡಿಕೊಡುವ ಕೆಲಸವಾ ಅಂತ ಕೋರ್ಟು ನೋಡ್ತದೆ. ಅದಕ್ಕೆ ಇಂತಿಷ್ಟೇ ಅಂತ ಒಂದು ಸೂತ್ರ ಇಲ್ಲ. 1956ರಲ್ಲಿ ಸುಪ್ರೀಂ ಕೋರ್ಟಿಗೆ ಸೌರಾಷ್ಟ್ರದ ಉಪ್ಪಿನ ಕೆಲಸದವರ ಕೇಸು ಬಂತು, ಧ್ರಾಂಗಧ್ರಾ ಕೆಮಿಕಲ್ ವರ್ಕ್ಸಿಂದು. ಅಗರಿಯಾ ಅಂತ ಅವರನ್ನು ಕರೆಯುದು. ದುಡ್ಡು ತೂಕದ ಲೆಕ್ಕ, ಇಷ್ಟು ಗಂಟೆ ಅಂತ ಇಲ್ಲ, ಸಹಾಯಕ್ಕೆ ತಮ್ಮದೇ ಜನ ಇಟ್ಟುಕೊಳ್ತಿದ್ರು. ಮೇಲಿಂದ ನೋಡಿದ್ರೆ ಅಪ್ಪಟ ಗುತ್ತಿಗೆ. ಆದ್ರೂ ಅವರು ಕಾರ್ಮಿಕರೇ ಅಂತ ತೀರ್ಪಾಯ್ತು. ಕೆಲಸ ಹೇಗೆ ನಡೀಬೇಕು ಅಂತ ಹೇಳುವ ಅಧಿಕಾರ ಯಾರ ಕೈಯಲ್ಲಿತ್ತು ಅನ್ನುದನ್ನು ಅವತ್ತು ನೋಡಿದ್ರು.

ಆಕೆ: ಅದು ಉಪ್ಪಿನ ಗದ್ದೆ ಸರ್. ನಂದು ಮನೆಯಲ್ಲಿ ಕೂತು ಮಾಡುವ ಕೆಲಸ.

ಆಡಿಟರ್: ಮನೆಯ ಕೇಸೂ ಉಂಟು. 1973ರಲ್ಲಿ ಸಿಕಂದರಾಬಾದಿನ ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್‌ನದ್ದು. ಟೈಲರ್‌ಗಳಿಗೆ ಪೀಸ್ ಲೆಕ್ಕದಲ್ಲಿ ಕೂಲಿ, ಕೆಲವರು ಬಟ್ಟೆ ಮನೆಗೂ ಒಯ್ತಿದ್ರು. ಆದ್ರೆ ಮೆಷಿನ್ ಅಂಗಡಿದು. ಹೊಲಿಗೆ ಸರಿ ಬರದಿದ್ರೆ ಬಿಚ್ಚಿ ಮತ್ತೆ ಹೊಲಿ ಅಂತ ಮಾಲೀಕ ಹೇಳ್ಬಹುದಿತ್ತು. ಅವರೂ ನೌಕರರೇ ಅಂತಾಯ್ತು. ಹಿಡಿತ ಒಂದನ್ನೇ ನೋಡಿದ್ರೆ ಸಾಲದು, ಉಪಕರಣ ಯಾರದ್ದು, ಲಾಭನಷ್ಟದ ಹೊಣೆ ಯಾರ ತಲೆ ಮೇಲೆ ಅಂತ ಎಲ್ಲ ಸೇರಿಸಿ ನೋಡ್ಬೇಕು ಅನ್ನುವ ಮಾತು ಗಟ್ಟಿಯಾದದ್ದು ಅಂಥ ಕೇಸುಗಳಿಂದಲೇ. ಅಷ್ಟು ದೂರ ಯಾಕೆ, ನಿನ್ನ ಅಮ್ಮ ಬೀಡಿ ಕಟ್ತಿದ್ರಲ್ಲ?

ಆಕೆ: ಈಗಲೂ ಬಿಟ್ಟಿಲ್ಲ. ಬೇಡ ಅಂದ್ರೂ ಕೇಳುದಿಲ್ಲ.

ಆಡಿಟರ್: ಅಮ್ಮನಿಗೆ ಪಿಎಫ್ ಉಂಟಾ?

ಆಕೆ: ಉಂಟಲ್ಲ. ನನ್ನ ಫೀಸಿಗೆ ಅದರಿಂದಲೇ ಒಮ್ಮೆ ತೆಗೆದದ್ದು.

ಆಡಿಟರ್: ನೋಡು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಮನೆಯ ಜಗಲಿಯಲ್ಲಿ ಕೂತು ಕಟ್ಟುದು. ಗಂಟೆಯ ಲೆಕ್ಕ ಇಲ್ಲ, ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಕಂಪನಿಗೂ ಅವರಿಗೂ ನಡುವೆ ಕಂತ್ರಾಟುದಾರ ಬೇರೆ. ಇವರು ನಮ್ಮ ಕೆಲಸದವರಲ್ಲ ಅಂತ ಕಂಪನಿ ಹೇಳ್ಲಿಕ್ಕೆ ಎಲ್ಲ ಅನುಕೂಲ ಇತ್ತು. ಅದಕ್ಕೇ 1966ರ ಬೀಡಿ ಕಾರ್ಮಿಕರ ಕಾಯಿದೆ, ಕಚ್ಚಾ ಮಾಲು ಒಯ್ದು ಮನೆಯಲ್ಲಿ ಕಟ್ಟುವವರೂ ನೌಕರರೇ ಅಂತ ಬಿಡಿಸಿ ಬರೆಯಿತು. ಜಗಲಿಯಲ್ಲಿ ಬೀಡಿ ಕಟ್ಟಿದ ಅಮ್ಮನಿಗೆ ಪಿಎಫ್ ನಂಬರ್ ಉಂಟು, ಒಳಗೆ ಎಸಿ ರೂಮಿನಲ್ಲಿ ಒಂಬತ್ತು ಗಂಟೆ ಲಾಗಿನ್ ಆಗಿರುವ ಮಗಳಿಗಿಲ್ಲ.

ಆಕೆ: ಎಸಿ ಇಲ್ಲ ಸರ್. ಫ್ಯಾನ್.

ಆಡಿಟರ್: ಆಯ್ತು, ಫ್ಯಾನ್. ಇನ್ನೊಂದು ಕಡೆಯದ್ದೂ ಹೇಳ್ಬೇಕು, ಇಲ್ಲದಿದ್ರೆ ನಾನು ನಿನ್ನನ್ನು ಹೆದರಿಸಿದ ಹಾಗಾಗ್ತದೆ. ಇವೆಲ್ಲ ಕಾರ್ಮಿಕ ಕಾನೂನಿನ ಕೇಸುಗಳು. ತೆರಿಗೆಯ ಕೇಸಿನಲ್ಲಿ ಬೇರೆ ರೀತಿಯೂ ತೀರ್ಪಾಗಿದೆ. ದೊಡ್ಡ ಆಸ್ಪತ್ರೆಯ ಕನ್ಸಲ್ಟೆಂಟ್ ಡಾಕ್ಟರುಗಳು ನೌಕರರು, ಅವರ ದುಡ್ಡಿನಲ್ಲಿ ಸಂಬಳದ ಹಾಗೆ ಟಿಡಿಎಸ್ ಹಿಡೀಬೇಕಿತ್ತು ಅಂತ ಇಲಾಖೆ ವಾದ ಮಾಡಿತು. 2015ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಅದನ್ನು ಒಪ್ಪಲಿಲ್ಲ. ಒಪ್ಪಂದವನ್ನು ಇಡಿಯಾಗಿ ಓದಿ, ಇವರು ವೃತ್ತಿನಿರತರು, ಇದು ವೃತ್ತಿಯ ಫೀಸು ಅಂತ ಹೇಳಿತು. ನಿನ್ನ ಕಂಪನಿಯ ವಕೀಲರು ಅಂಥ ತೀರ್ಪುಗಳನ್ನು ನೋಡಿಕೊಂಡೇ ಆ ದಪ್ಪ ಅಕ್ಷರದ ಪುಟ ಬರೆದಿರ್ಬಹುದು.

ಆಕೆ: ಹಾಗಾದ್ರೆ ನಾನು ಡಾಕ್ಟರಾ, ಟೈಲರಾ?

ಆಡಿಟರ್: ಡಾಕ್ಟರು ಕಂಪನಿಯ ಸ್ಟೆತೊಸ್ಕೋಪಿನಿಂದ ನೋಡುದಿಲ್ಲ, ರೋಗಿಗೆ ಯಾವ ಮದ್ದು ಅಂತ ಎಂಡಿ ಹೇಳ್ಲಿಕ್ಕಿಲ್ಲ. ನಿನ್ನ ರಜೆ, ಲ್ಯಾಪ್‌ಟಾಪು, ಬೇರೆ ಕೆಲಸ ಮಾಡಬಾರದು ಅನ್ನುದು, ಹಳೆಯ ಕುರ್ಚಿಯಲ್ಲೇ ಹೊಸ ಹೆಸರು, ಇಷ್ಟೂ ಸೇರಿಸಿದ್ರೆ ನೀನು ಟೈಲರಿನ ಹತ್ತಿರ. ಪೂರ್ತಿ ಟೈಲರ್ ಅಂತ ಹೇಳ್ಲಿಕ್ಕೆ ಅಗ್ರಿಮೆಂಟ್ ಓದ್ಬೇಕು.

ಆಕೆ: ಸಂಬಳದವಳಾದ್ರೆ ಎಷ್ಟು ವ್ಯತ್ಯಾಸ ಆಗ್ತದೆ ಸರ್? ಅದನ್ನು ಹೇಳಿ.

ಆಡಿಟರ್: ಹೇಳ್ತೇನೆ. ಅದಕ್ಕೆ ಮೊದಲು, ಈ ವರ್ಷ ಬೇರೆ ಯಾವ ದುಡ್ಡು ಬಂದಿದೆ?

ಆಕೆ: ಬೇರೆ ಅಂದ್ರೆ… ಅಷ್ಟೇನಿಲ್ಲ.

ಆಡಿಟರ್: "ಅಷ್ಟೇನಿಲ್ಲ" ಎಷ್ಟು?

ಆಕೆ: ಜರ್ಮನಿಯ ಒಬ್ಬರಿಗೆ ಒಂದು ಆ್ಯಪ್ ಟೆಸ್ಟ್ ಮಾಡಿ ಕೊಟ್ಟಿದ್ದೆ. ಶನಿವಾರ, ಭಾನುವಾರ ಕೂತು. ಯುರೋದಲ್ಲಿ ಬಂತು, ನಮ್ಮ ಲೆಕ್ಕದಲ್ಲಿ 2,40,000. ಅದಕ್ಕೆ ಟಿಡಿಎಸ್ ಇಲ್ಲ, ಅದಕ್ಕೇ ಹೇಳ್ಲಿಲ್ಲ.

ಇಲ್ಲಿ ಒಂದು ಮಾತು ನಾನು ಸೇರಿಸಬೇಕು. ಆಡಿಟರ್ ಕಚೇರಿಗಳಲ್ಲಿ ಕೂತು ನೋಡಿದವರಿಗೆ ಗೊತ್ತು: ಮುಖ್ಯವಾದ ಸಂಗತಿ ಹೆಚ್ಚಾಗಿ ಹೊರಡುವ ಹೊತ್ತಿಗೆ, ಚಪ್ಪಲಿ ಹಾಕಿಕೊಳ್ಳುತ್ತಾ ಹೇಳುವ ಮಾತಿನಲ್ಲಿ ಇರುತ್ತದೆ. ಮುಚ್ಚಿಡಬೇಕೆಂದು ಯಾರೂ ಮುಚ್ಚಿಡುವುದಿಲ್ಲ. ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ತಾವೇ ಆಯ್ದುಕೊಂಡು ಬಂದಿರುತ್ತಾರೆ. ಆಯುವ ಆ ಕೆಲಸಕ್ಕೇ ಸಲಹೆಗಾರ ಬೇಕಾಗಿರುವುದು.

ಆಡಿಟರ್: ಟಿಡಿಎಸ್ ಇಲ್ಲದ್ದೆಲ್ಲ ಆದಾಯ ಅಲ್ಲ ಅಂತ ಯಾರು ಹೇಳಿದ್ದು? ಇರಲಿ, ಈಗ ಲೆಕ್ಕ ಹಾಕುವ. ಕಂಪನಿಯಿಂದ 18 ಲಕ್ಷ, ಜರ್ಮನಿಯಿಂದ 2.4. ಒಟ್ಟು 20,40,000. ಎರಡನ್ನೂ ವೃತ್ತಿಯ ಫೀಸು ಅಂತ ತೋರಿಸಿ 44ಎಡಿಎ ಹಿಡಿದ್ರೆ, ಬಂದದ್ದರ ಅರ್ಧ ನಿನ್ನ ಆದಾಯ. 10,20,000. ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ 87ಎ ರಿಬೇಟ್ ಉಂಟು, ಹಾಗಾಗಿ ತೆರಿಗೆ ಸೊನ್ನೆ. ಹಿಡಿದ 1,80,000 ಪೂರ್ತಿ ವಾಪಸ್. ನಿನ್ನ ಟೀಮಿನವರು ಹೇಳಿದ್ದು ಇದು.

ಆಕೆ: ಹೌದು.

ಆಡಿಟರ್: ಇನ್ನು ಕಂಪನಿಯ ದುಡ್ಡು ಸಂಬಳ ಅಂತಾದ್ರೆ? 18 ಲಕ್ಷಕ್ಕೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 17,25,000. ಜರ್ಮನಿಯದ್ದು ನಿಜಕ್ಕೂ ವೃತ್ತಿಯ ಕೆಲಸ, ಅದರ ಅರ್ಧ 1,20,000. ಒಟ್ಟು 18,45,000. ಸ್ಲ್ಯಾಬಿನ ಪ್ರಕಾರ 1,69,000, ಅದಕ್ಕೆ 4 ಪರ್ಸೆಂಟ್ ಸೆಸ್ ಸೇರಿ 1,75,760. ವಾಪಸ್ ಬರುದು 4,240.

ಆಕೆ: ಅಯ್ಯೋ!

ಆಡಿಟರ್: ಬ್ಯಾಂಕ್ ಬಡ್ಡಿ ಇನ್ನೂ ಸೇರಿಸಿಲ್ಲ. ನೀನು ಈಗ ಕೇಳ್ತಿರುದು ಈ 1,75,000 ಚಿಲ್ಲರೆಯ ಪ್ರಶ್ನೆ. ಕಂಪನಿ 194ಜೆ ಅಂತ, ಅಂದ್ರೆ ವೃತ್ತಿಯ ಫೀಸು ಅಂತ, ಟಿಡಿಎಸ್ ಹಿಡಿದದ್ದರಿಂದ ಮಾತ್ರ ಅದು ತೀರ್ಮಾನ ಆಗುದಿಲ್ಲ. 26ಎಎಸ್‌ನಲ್ಲಿ, ಅಂದ್ರೆ ನಿನ್ನ ಟಿಡಿಎಸ್ ಪಟ್ಟಿಯಲ್ಲಿ, ಯಾವ ಸೆಕ್ಷನ್ ಕಾಣ್ತದೋ ಅದು ಕಂಪನಿಯ ಅಭಿಪ್ರಾಯ, ಅಷ್ಟೇ.

ಆಕೆ: ಈಗ ಸೆಕ್ಷನ್ ನಂಬರೆಲ್ಲ ಬದಲಾಗ್ತದಂತಲ್ಲ?

ಆಡಿಟರ್: ಬರುವ ಏಪ್ರಿಲ್ 1ರಿಂದ 2025ರ ಹೊಸ ಕಾಯಿದೆ. 44ಎಡಿಎ ಅಂತ ಹೇಳುದನ್ನು ಮುಂದೆ 58ನೇ ಸೆಕ್ಷನ್‌ನಲ್ಲಿ ಹುಡುಕ್ಬೇಕು, ಟಿಡಿಎಸ್ 393ರಲ್ಲಿ. ಈ ಪ್ರಾಯದಲ್ಲಿ ನಾನು ಮತ್ತೆ ಮಗ್ಗಿ ಕಲೀಬೇಕು. ಆದ್ರೆ ನೀನು ಈಗ ದುಡಿದದ್ದಕ್ಕೆ ಹಳೆಯ ಕಾಯಿದೆಯೇ.

ಆಕೆ: ನನ್ನ ಫ್ರೆಂಡ್ ಒಬ್ಬಳು ಅನುವಾದ ಮಾಡ್ತಾಳೆ. ಅವಳೂ 44ಎಡಿಎಯಲ್ಲೇ ಹಾಕಿದ್ದಾಳೆ.

ಆಡಿಟರ್: ಅವಳು ಒಮ್ಮೆ ಯಾರ ಹತ್ತಿರಾದ್ರೂ ಕೇಳುದು ಒಳ್ಳೆದು. ಆ ಸವಲತ್ತು 2016ರ ಬಜೆಟ್ಟಿನಲ್ಲಿ ಬಂದದ್ದು, ಎಲ್ಲ ಕಸುಬಿಗೂ ಇಲ್ಲ. ವಕೀಲರು, ಡಾಕ್ಟರು, ಎಂಜಿನಿಯರು, ಆರ್ಕಿಟೆಕ್ಟು, ಲೆಕ್ಕಪತ್ರದವರು, ತಾಂತ್ರಿಕ ಸಲಹೆಗಾರರು, ಇಂಟೀರಿಯರ್ ಮಾಡುವವರು, ಆಮೇಲೆ ಅಧಿಸೂಚನೆಯಿಂದ ಸೇರಿದ ಸಿನಿಮಾ ಕಲಾವಿದರು, ಕಂಪನಿ ಸೆಕ್ರೆಟರಿ, ಐಟಿಯವರು. ನೀನು ಐಟಿ ಅಂತ ಒಳಗೆ ಬರ್ತಿ. ಅನುವಾದ ಆ ಪಟ್ಟಿಯಲ್ಲಿ ಹೆಸರಿಟ್ಟು ಇಲ್ಲ. ವರ್ಷಕ್ಕೆ ಬರುವ ಮೊತ್ತಕ್ಕೂ ಮಿತಿ ಉಂಟು: 50 ಲಕ್ಷ, ನಗದು 5 ಪರ್ಸೆಂಟ್ ಮೀರದಿದ್ರೆ 75. ನಿನಗೆ ಅದರ ಚಿಂತೆ ಇಲ್ಲ. ನಿನ್ನ ಚಿಂತೆ ಜಿಎಸ್‌ಟಿ.

ಆಕೆ: ಜಿಎಸ್‌ಟಿಯಾ? ನನ್ನದು 20 ಲಕ್ಷದ ಒಳಗೇ ಉಂಟಲ್ಲ. ಹೊರದೇಶದ ಕೆಲಸಕ್ಕೆ ಜಿಎಸ್‌ಟಿ ಇಲ್ಲ ಅಂತಾರೆ.

ಆಡಿಟರ್: ಅದರ ಮೇಲೆ ತೆರಿಗೆ ಬೀಳುದಿಲ್ಲ, ಸರಿ. ಆದ್ರೆ 20 ಲಕ್ಷ ದಾಟಿತಾ ಅಂತ ಲೆಕ್ಕ ಹಾಕುವಾಗ ರಫ್ತನ್ನೂ ಸೇರಿಸ್ಬೇಕು. ಫೆಬ್ರವರಿಯ ತನಕ ಹನ್ನೊಂದು ಬಿಲ್ಲು, 16.5 ಲಕ್ಷ. ಜರ್ಮನಿಯದ್ದು ಸೇರಿ 18.9. ಮಾರ್ಚ್ ಬಿಲ್ಲು ಹಾಕಿದ್ರೆ 20.4.

ಆಕೆ: ಮಾರ್ಚಿನದ್ದನ್ನು ಏಪ್ರಿಲ್‌ನಲ್ಲಿ ಹಾಕಿದ್ರೆ?

ಆಡಿಟರ್: ಎಲ್ಲರೂ ಕೇಳುವ ಪ್ರಶ್ನೆ ಇದು. ಬಿಲ್ಲನ್ನು ಮುಂದೆ ಹಾಕಬಹುದು, ಮಾರ್ಚಿನಲ್ಲಿ ಮಾಡಿದ ಕೆಲಸವನ್ನು ಮುಂದೆ ಹಾಕ್ಲಿಕ್ಕೆ ಆಗುದಿಲ್ಲ. ಒಂದು ತಿಂಗಳು ತಪ್ಪಿಸಿದ್ರೂ ಬರುವ ವರ್ಷ ಜರ್ಮನಿಯವರು ಇನ್ನೊಂದು ಕೆಲಸ ಕೊಟ್ರೆ ಮತ್ತೆ ಇದೇ ಜಾಗಕ್ಕೆ ಬರ್ತಿ. ದಾಟಿದ ದಿನದಿಂದ ಮೂವತ್ತು ದಿನದೊಳಗೆ ರಿಜಿಸ್ಟ್ರೇಷನ್‌ಗೆ ಹಾಕ್ಬೇಕು. ಆಮೇಲೆ ರಫ್ತಿಗೆ ಎಲ್‌ಯುಟಿ ಅಂತ ಒಂದು ಮುಚ್ಚಳಿಕೆ ಸಲ್ಲಿಸಿದ್ರೆ ತೆರಿಗೆ ಕಟ್ಟದೆ ಬಿಲ್ಲು ಮಾಡ್ಬಹುದು. ದುಡ್ಡು ಯುರೋದಲ್ಲಿ ಬಂತು ಅಂತ ಬ್ಯಾಂಕಿನ ಕಾಗದ ತೆಗೆದಿಡು. ಬೆಂಗಳೂರಿನ ಕಂಪನಿಗೆ ಹಾಕುವ ಬಿಲ್ಲಿಗೆ 18 ಪರ್ಸೆಂಟ್.

ಆಕೆ: ಅದನ್ನು ಕಂಪನಿಯೇ ಕೊಡ್ತದಲ್ಲ?

ಆಡಿಟರ್: ಅಗ್ರಿಮೆಂಟ್‌ನಲ್ಲಿ ಫೀಸಿನ ಸಾಲು ಓದು.

ಆಕೆ: "ತಿಂಗಳಿಗೆ 1,50,000 ರೂಪಾಯಿ, ಎಲ್ಲ ತೆರಿಗೆಗಳೂ ಸೇರಿ."

ಆಡಿಟರ್: ಈಗ ನೋಡು. ಸೇರಿ ಅಂತ ಇದ್ರೆ, ರಿಜಿಸ್ಟ್ರೇಷನ್ ಆದ ಮೇಲೆ ನಿನ್ನ ಫೀಸು 1,27,119. ಉಳಿದ 22,881 ಸರ್ಕಾರಕ್ಕೆ. ಕಂಪನಿ ಆ 22,881ನ್ನು ಇನ್‌ಪುಟ್ ಕ್ರೆಡಿಟ್ ಅಂತ ತನ್ನ ಲೆಕ್ಕದಲ್ಲಿ ವಾಪಸ್ ತೆಗೀತದೆ. ಅಂದ್ರೆ ತಿಂಗಳಿಗೆ ಅಷ್ಟು ನಿನ್ನ ಕಿಸೆಯಿಂದ ಅವರ ಕಿಸೆಗೆ. "ಸೇರಿ" ಅನ್ನುವ ಜಾಗದಲ್ಲಿ "ಜಿಎಸ್‌ಟಿ ಪ್ರತ್ಯೇಕ" ಅಂತ ಮಾಡಿಸಿಕೊಂಡ್ರೆ ಅವರಿಗೂ ನಷ್ಟ ಇಲ್ಲ, ಕ್ರೆಡಿಟ್ ಸಿಕ್ತದೆ. ಇಡೀ ಅಗ್ರಿಮೆಂಟ್‌ನಲ್ಲಿ ನಿನಗೆ ಅತಿ ದುಬಾರಿಯ ಪದ ಅದು, ಆ ದಪ್ಪ ಅಕ್ಷರದ್ದಲ್ಲ.

ಆಕೆ: ಸರ್, ಒಂದು ಡೌಟು. ನಾನು ಸಂಬಳದವಳೇ ಅಂತಾದ್ರೆ ಜಿಎಸ್‌ಟಿ ಬರ್ತದಾ?

ಆಡಿಟರ್: ಇಲ್ಲಿಗೇ ಬರಬೇಕು ಅಂತ ಕಾಯ್ತಿದ್ದೆ. ನೌಕರ ತನ್ನ ಮಾಲೀಕನಿಗೆ ಉದ್ಯೋಗದಲ್ಲಿ ಮಾಡುವ ಕೆಲಸ ಜಿಎಸ್‌ಟಿಗೆ ಹೊರಗೆ, ಕಾಯಿದೆಯ ಮೂರನೇ ಷೆಡ್ಯೂಲಿನಲ್ಲಿ ಉಂಟು. ಹಾಗಾದ್ರೆ ನಿನ್ನ ಲೆಕ್ಕಕ್ಕೆ ಉಳಿಯುದು ಜರ್ಮನಿಯ 2.4 ಲಕ್ಷ ಮಾತ್ರ, ರಿಜಿಸ್ಟ್ರೇಷನ್ನೇ ಬೇಡ. ಆದಾಯ ತೆರಿಗೆಯಲ್ಲಿ ವೃತ್ತಿಯವಳಾಗಿ ರಿಫಂಡ್ ತಗೊಂಡು, ಜಿಎಸ್‌ಟಿ ಬಂದಾಗ ನಾನು ನೌಕರಳು ಅಂತ ಹೇಳ್ಲಿಕ್ಕೆ ಬರುದಿಲ್ಲ. ಯಾವುದು ಹೇಳ್ತಿಯೋ ಅದನ್ನೇ ಎಲ್ಲ ಕಡೆ ಹೇಳ್ಬೇಕು. ನಮ್ಮ ವೃತ್ತಿ ತೆರಿಗೆ ಒಂದೇ ತಂಟೆ ಇಲ್ಲದ್ದು, ಎರಡು ಕಡೆಯೂ ವರ್ಷಕ್ಕೆ 2,500.

ಆಕೆ: ನೀವು ನನ್ನ ಜಾಗದಲ್ಲಿದ್ರೆ ಏನು ಮಾಡ್ತಿದ್ರಿ?

ಆಡಿಟರ್: ಈ ವರ್ಷದ್ದು ಬೇರೆ, ಬರುವ ವರ್ಷದ್ದು ಬೇರೆ. ಏಪ್ರಿಲ್‌ನಿಂದ ಏನು ಅಂತ ಈಗಲೇ ಕಂಪನಿಯ ಹತ್ತಿರ ಮಾತಾಡು. ಒಂದೋ ಹಿಂದಿನ ಹಾಗೆ ಸಂಬಳಕ್ಕೆ ತಗೊಳ್ಲಿ, ಪಿಎಫ್ ಹಾಕ್ಲಿ. ಇಲ್ಲಾಂದ್ರೆ ನಿಜವಾಗಿ ಗುತ್ತಿಗೆ ಮಾಡ್ಲಿ: ಬೇರೆ ಕೆಲಸ ಮಾಡಬಾರದು ಅನ್ನುದು ತೆಗೀಲಿ, ರಜೆಯ ಪೋರ್ಟಲ್ ಬೇಡ, ಕೆಲಸಕ್ಕೆ ಬಿಲ್ಲು, ಲ್ಯಾಪ್‌ಟಾಪ್ ನಿಂದು, ಜಿಎಸ್‌ಟಿ ಪ್ರತ್ಯೇಕ. ಬರೇ ಕಾಗದದಲ್ಲಿ ತೆಗೆದು ಮತ್ತೆ ಒಂಬತ್ತೂವರೆಗೆ ಲಾಗಿನ್ ಅಂದ್ರೆ ಪ್ರಯೋಜನ ಇಲ್ಲ. ಹಾಗೆ ಮಾಡುದಾದ್ರೆ ಫೀಸೂ ಏರ್ಬೇಕು. ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್, ಸಂಬಳ ಸಹಿತ ರಜೆ, ಎಲ್ಲ ಲೆಕ್ಕ ಹಾಕಿದ್ರೆ ಕೈಗೆ ಸ್ವಲ್ಪ ಜಾಸ್ತಿ ಬಂತು ಅಂತ ನೀನು ಹೇಳಿದ್ದು ನಿಲ್ಲುದಿಲ್ಲ.

ಆಕೆ: ಜರ್ಮನಿಯ ಕೆಲಸ ಮಾಡಿದ್ದು ಕಂಪನಿಗೆ ಗೊತ್ತಾದ್ರೆ?

ಆಡಿಟರ್: ಅದು ಅಗ್ರಿಮೆಂಟ್ ಮುರಿದ ಪ್ರಶ್ನೆ. ಅದಕ್ಕೆ ವಕೀಲರು ಬೇಕು, ನಾನಲ್ಲ. ತಮಾಷೆ ಏನಂದ್ರೆ, ಕಂಪನಿಯ ಕಾಗದ ಬಿಟ್ರೆ, ನೀನು ಸ್ವತಂತ್ರಳು ಅಂತ ತೋರಿಸ್ಲಿಕ್ಕೆ ನಿನ್ನ ಹತ್ತಿರ ಇರುವ ಒಂದೇ ಸಾಕ್ಷಿಯೂ ಅದೇ.

ಆಕೆ: ಈ ವರ್ಷದ್ದು?

ಆಡಿಟರ್: ಮೂರು ದಾರಿ ಉಂಟು. ಸಂಬಳ ಅಂತಲೇ ತೋರಿಸುದು ಒಂದು. ಕಂಪನಿ 194ಜೆಯಲ್ಲಿ ಹಿಡಿದಿದೆ, ನೀನು ಸಂಬಳ ಅಂತಿ, ಇಲಾಖೆಯ ಕಂಪ್ಯೂಟರಿಗೆ ಎರಡು ಹೊಂದುದಿಲ್ಲ, ಪ್ರಶ್ನೆ ಬರಬಹುದು, ಉತ್ತರ ಕೊಡ್ಬೇಕು. ಇನ್ನೊಂದು, ನಿನ್ನ ಟೀಮಿನವರ ದಾರಿ, ಅರ್ಧಕ್ಕೆ ಅರ್ಧ. ಒಪ್ಪಂದ, ಬಿಲ್ಲು, ಟಿಡಿಎಸ್ ಮೂರೂ ಅದಕ್ಕೆ ಸಾಕ್ಷಿ, ವಾದ ಮಾಡ್ಲಿಕ್ಕೆ ಆಗ್ತದೆ, ಗೆಲ್ತೇವೆ ಅಂತ ಬರೆದು ಕೊಡ್ಲಿಕ್ಕಾಗುದಿಲ್ಲ. ಆ ದಾರಿ ಹಿಡಿದ್ರೆ ಬಂದ ರಿಫಂಡಿನಿಂದ ಕಾರು ತಗೊಳ್ಬೇಡ, ಮೂರು ನಾಲ್ಕು ವರ್ಷ ಎಫ್‌ಡಿಯಲ್ಲಿಡು.

ಆಕೆ: ಕಾರಲ್ಲ, ಸೈಟು ನೋಡ್ತಿದ್ದೇವೆ. ಲೋನಿಗೆ ಹಾಕ್ಬೇಕು.

ಆಡಿಟರ್: ಹಾಗಾದ್ರೆ ಇನ್ನೂ ಯೋಚನೆ ಮಾಡು. ಬ್ಯಾಂಕಿನವರು ಸ್ವಂತ ವೃತ್ತಿಯವರಿಗೆ ರಿಟರ್ನಿನಲ್ಲಿ ತೋರಿಸಿದ ಆದಾಯ ನೋಡಿ ಸಾಲ ಕೊಡುದು. 20 ಲಕ್ಷ ದುಡಿದು 10 ಅಂತ ಬರ್ದ್ರೆ, ಸಾಲವೂ ಹತ್ತರ ಲೆಕ್ಕಕ್ಕೆ.

ಆಕೆ: ಮೂರನೇದು ಎಂಥದ್ದು?

ಆಡಿಟರ್: 44ಎಡಿಎಯಲ್ಲಿ ಅರ್ಧ ಅನ್ನುದು ಕಡಿಮೆಯ ಗೆರೆ. ಅದಕ್ಕಿಂತ ಹೆಚ್ಚು ತೋರಿಸ್ಲಿಕ್ಕೆ ಅಡ್ಡಿ ಇಲ್ಲ. ನಿಜವಾಗಿ ನಿನ್ನ ಖರ್ಚು ಎಷ್ಟು?

ಆಕೆ: ಇಂಟರ್ನೆಟ್ಟು, ಕರೆಂಟು, ಇನ್ವರ್ಟರಿನ ಬ್ಯಾಟರಿ, ಬೆಂಗಳೂರಿಗೆ ಹೋದ ಬಸ್ ಚಾರ್ಜು… ಹೆಚ್ಚೆಂದ್ರೆ ಹತ್ತು ಪರ್ಸೆಂಟ್.

ಆಡಿಟರ್: ವೃತ್ತಿ ಅಂತಲೇ ಹಾಕಿ, ಬಂದದ್ದರ ತೊಂಬತ್ತು ಪರ್ಸೆಂಟ್ ಆದಾಯ ಅಂತ ತೋರಿಸಿದ್ರೆ 18,36,000. ತೆರಿಗೆ 1,73,888. ಸಂಬಳ ಅಂತ ಹಾಕಿದ್ರೆ ಬಂದದ್ದು 1,75,760. ಎರಡರ ನಡುವೆ ಎರಡು ಸಾವಿರವೂ ಇಲ್ಲ. ನೀನು ಯಾರು ಅನ್ನುವ ಜಗಳದಲ್ಲಿ ಇಲಾಖೆಗೆ ಏನೂ ಸಿಕ್ಕುದಿಲ್ಲ ಅಂತಾದ್ರೆ ಜಗಳಕ್ಕೆ ಬರುವವರು ಕಡಿಮೆ. ಕಂಪನಿಯ ಕಾಗದಕ್ಕೂ ಹೊಂದ್ತದೆ, ಲೋನಿಗೂ ಒಳ್ಳೆದು.

ಆಕೆ: ಆದ್ರೆ ಕಾನೂನು ಅರ್ಧ ಸಾಕು ಅಂತ ಹೇಳಿರುವಾಗ ಜಾಸ್ತಿ ಕಟ್ಟುದು ದಡ್ಡತನ ಅಲ್ವಾ ಸರ್?

ಆಡಿಟರ್: ನಿಜವಾದ ವೃತ್ತಿಯವಳಾಗಿದ್ರೆ ದಡ್ಡತನವೇ. ನಾಲ್ಕು ಕಂಪನಿಗೆ ಕೆಲಸ ಮಾಡಿ, ಸ್ವಂತ ಲ್ಯಾಪ್‌ಟಾಪು ಇಟ್ಟವಳು ಬಂದಿದ್ರೆ ನಾನೇ ಅರ್ಧ ಹಾಕಿಸ್ತಿದ್ದೆ. ಜರ್ಮನಿಯದ್ದಕ್ಕೆ ನಿನಗೂ ಆ ಹಕ್ಕು ಉಂಟು. ಸಂಶಯ ಇರುದು ಆ 18 ಲಕ್ಷದಲ್ಲಿ. ಇದು ನನ್ನ ಅಭಿಪ್ರಾಯ, ಇನ್ನೊಬ್ಬ ಆಡಿಟರ್ ಬೇರೆ ಹೇಳಬಹುದು. ತೀರ್ಮಾನ ನಿಂದು, ರಿಟರ್ನಿನಲ್ಲಿ ಸೈನ್ ಕೂಡ ನಿಂದೇ. ನಾಳೆ ನೋಟಿಸ್ ಬಂದಾಗ ಆಡಿಟರ್ ಹೇಳಿದ್ರು ಅಂದ್ರೆ ಕೇಳುವವರಿಲ್ಲ.

ಆಕೆ: ಹಾಗಾದ್ರೆ ನಿಮ್ಮ ಹತ್ತಿರ ಕೇಳಿ ಎಂಥ ಪ್ರಯೋಜನ?

ಆಡಿಟರ್: ಪ್ರಯೋಜನ ಉಂಟು. 270ಎ ಅಂತ ಒಂದು ಸೆಕ್ಷನ್. ಆದಾಯ ಕಡಿಮೆ ತೋರಿಸಿದ್ರೆ ಅದರ ತೆರಿಗೆಯ ಅರ್ಧದಷ್ಟು ದಂಡ, ಸುಳ್ಳೇ ತೋರಿಸಿದ್ರೆ ಇನ್ನೂರು ಪರ್ಸೆಂಟ್. ಎಲ್ಲ ಸಂಗತಿ ಮುಚ್ಚಿಡದೆ ಹೇಳಿ, ಪ್ರಾಮಾಣಿಕ ಕಾರಣ ಕೊಟ್ಟವನಿಗೆ ಅದರಿಂದ ತಪ್ಪಿಸಿಕೊಳ್ಳುವ ದಾರಿ ಅದರಲ್ಲೇ ಉಂಟು. ಅದಕ್ಕೆ ಸಲಹೆ ಬಾಯಿಮಾತಿನಲ್ಲಿ ತಗೊಳ್ಬೇಡ. ನೀನು ಏನು ಹೇಳಿದ್ದಿ, ನಾನು ಯಾವ ಕಾಗದ ನೋಡಿದ್ದೇನೆ, ಯಾಕೆ ಹೀಗೆ ಹಾಕಿದ್ದು ಅಂತ ಎರಡು ಪುಟ ಬರೆದು ಸೈನ್ ಮಾಡಿ ಕೊಡ್ತೇನೆ. ಅದನ್ನು ಜೋಪಾನ ಮಾಡು.

ಆಕೆ: ಟೀಮಿನವರದ್ದೆಲ್ಲ ಬೆಂಗಳೂರಿನಲ್ಲಿ ಒಬ್ಬ ಹಾಕಿ ಕೊಡುದು. ರಿಫಂಡಿನ ಹತ್ತು ಪರ್ಸೆಂಟ್ ಅವನಿಗೆ. ಬರದಿದ್ರೆ ಫೀಸಿಲ್ಲ.

ಆಡಿಟರ್: ಅಂಥವರ ಹತ್ತಿರ ಹೋಗ್ಬೇಡ. ರಿಫಂಡ್ ದೊಡ್ಡದಾದಷ್ಟು ಅವನಿಗೆ ಲಾಭ, ನೋಟಿಸ್ ಬರುದು ನಿನಗೆ. ನಮಗೆ, ಅಂದ್ರೆ ಸಿಎಗಳಿಗೆ, ಹಾಗೆ ಪರ್ಸೆಂಟ್ ಲೆಕ್ಕದಲ್ಲಿ ಫೀಸು ತಗೊಳ್ಳಿಕ್ಕೆ ನಮ್ಮ ಕಾಯಿದೆಯೇ ಬಿಡುದಿಲ್ಲ. ಇನ್ನೊಂದು ಕೇಳ್ತೇನೆ: ಟ್ಯಾಕ್ಸ್ ಪೋರ್ಟಲ್‌ನಲ್ಲಿ ನಿನ್ನ ಹೆಸರಿನಲ್ಲಿ ಯಾರ ಮೊಬೈಲ್ ನಂಬರ್ ಉಂಟು?

ಆಕೆ: ಗೊತ್ತಿಲ್ಲ. ಕಳೆದ ವರ್ಷ ಅವನೇ ಮಾಡಿದ್ದು.

ಆಡಿಟರ್: ಇವತ್ತೇ ನೋಡು. ಅವನ ನಂಬರ್, ಅವನ ಮೇಲ್ ಐಡಿ ಇರ್ಬಹುದು. ಇಲಾಖೆ ಕಳಿಸಿದ ಕಾಗದವೆಲ್ಲ ಅಲ್ಲಿಗೆ ಹೋಗ್ತದೆ, ಅವನು ನೋಡಿದ್ರೆ ನೋಡಿದ, ಇಲ್ಲಾಂದ್ರೆ ಇಲ್ಲ. ಮೊದಲು ಅದನ್ನು ನಿನ್ನದು ಮಾಡು, ಪಾಸ್‌ವರ್ಡ್ ಬದಲಾಯಿಸು. ನನಗೂ ಪಾಸ್‌ವರ್ಡ್ ಕೊಡ್ಬೇಡ, ಒಟಿಪಿ ಬಂದಾಗ ಹೇಳಿದ್ರೆ ಸಾಕು.

ಆಕೆ: ಆಯ್ತು. ಈಗ ಎಂತೆಂಥ ತರ್ಬೇಕು?

ಆಡಿಟರ್: ಹಳೆಯ ಸಂಬಳದ ಆಫರ್ ಲೆಟರ್, ಹೊಸ ಅಗ್ರಿಮೆಂಟ್, ಹನ್ನೊಂದು ಬಿಲ್ಲು, 26ಎಎಸ್, ಎಐಎಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಜರ್ಮನಿಯವರ ಮೇಲ್. ಕನ್ಸಲ್ಟೆಂಟ್ ಮಾಡ್ತೇವೆ ಅಂತ ಕಂಪನಿ ಕಳಿಸಿದ ಮೇಲ್ ಇದ್ರೆ ಅದು ಮುಖ್ಯ. ಮಾರ್ಚ್ 15ರೊಳಗೆ ಬಾ. 44ಎಡಿಎಯವರಿಗೆ ಅಡ್ವಾನ್ಸ್ ಟ್ಯಾಕ್ಸಿನ ಒಂದೇ ಒಂದು ಕಂತು, ಅವತ್ತಿಗೆ. ಟಿಡಿಎಸ್ ಇರುದರಿಂದ ನಿನಗೆ ಕಟ್ಟುವ ಪ್ರಮೇಯ ಬರ್ಲಿಕ್ಕಿಲ್ಲ, ಆದ್ರೂ ಬಡ್ಡಿ ಗಿಡ್ಡಿ ಸೇರಿಸಿ ಒಮ್ಮೆ ನೋಡುವ. ಮಾರ್ಚ್ ಬಿಲ್ಲು ಮಾತ್ರ ನನ್ನ ಹತ್ತಿರ ಕೇಳದೆ ಹಾಕ್ಬೇಡ.

ಆಕೆ: ಸರ್, ನಿಮ್ಮ ಫೀಸು?

ಆಡಿಟರ್: ಬರೆದು ಕೊಡುವ ಅಭಿಪ್ರಾಯಕ್ಕೆ 5,000. ರಿಟರ್ನಿಗೆ ಬೇರೆ.

ಆಕೆ: ಜಿಎಸ್‌ಟಿ ಸೇರಿಯಾ, ಪ್ರತ್ಯೇಕವಾ?

ಆಡಿಟರ್: ಪ್ರತ್ಯೇಕ.